ಜೋಗದಲ್ಲಿ ಕ್ಯಾಮರಾ

ಶರಾವತಿಯು 830 ಅಡಿ ಧುಮುಕುವ ಜೋಗದಲ್ಲಿ ಧಾರೆಗಳು ನಾಲ್ಕು. ಒಂದೊಂದರ ನಡೆಯೂ ಬೇರೆ. ಡಿಎಸ್‌ಎಲ್‌ಆರ್ ಕ್ಯಾಮರಾವನ್ನು ಹೊಸದಾಗಿ ಹಿಡಿದವರಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆಯಿಲ್ಲ. ಎಲ್ಲವನ್ನೂ ಯಂತ್ರಕ್ಕೇ ಬಿಟ್ಟರೆ ಅದು ಬೆಳಕನ್ನಳೆಯುವುದೇ ಹೊರತು ನೀರಿನ ಗುಣವನ್ನರಿಯದು. ಆದುದರಿಂದ ಮೇಲಣ ಚಕ್ರವನ್ನು, ಷಟರಿನ ವೇಗವನ್ನು ನಾವೇ ಗೊತ್ತುಮಾಡುವ ಗುರುತಿಗೆ ತಿರುಗಿಸತಕ್ಕದ್ದು. ರಾಕೆಟ್ ಧಾರೆಯು ಚಿಮ್ಮಿ ಚಿಮ್ಮಿ ಇಳಿಯುವುದು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹಿಡಿದರೆ ಹನಿಗಳು ಮುತ್ತುಗಳಂತೆ ನಿಲ್ಲುವುವು. ರಾಣಿಯಾದರೋ ಬಂಡೆಯನ್ನು ತಬ್ಬಿ ಜಾರುವವಳು; ಅವಳಿಗೆ ಅರ್ಧ ಸೆಕೆಂಡು ಕೊಟ್ಟರೆ ನೀರು ರೇಷ್ಮೆಯ ಸೆರಗಾಗುವುದು. ಆದರೆ ಹಾಡುಹಗಲಲ್ಲಿ ಷಟರು ಅಷ್ಟು ಹೊತ್ತು ತೆರೆದಿದ್ದರೆ ಚಿತ್ರವೆಲ್ಲ ಬಿಳಿಚುವುದು. ಐಎಸ್‌ಒ ಅಂಕವನ್ನು 100ಕ್ಕಿಳಿಸಿ, ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹೊತ್ತು ಇಳಿಯುವವರೆಗೆ ಕಾಯುವುದೇ ಉಪಾಯ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ತುಂಬುನೀರು ಮಳೆಗಾಲಕ್ಕೇ ಮೀಸಲು; ಆಗಲೋ ಮಂಜಿನ ಕಾಟ! ಅದು ಸರಿಯುವುದು ಕೆಲವೇ ನಿಮಿಷ. ಅಷ್ಟರೊಳಗೆ ಗುಂಡಿಗಳನ್ನು ಬೆರಳೇ ಹುಡುಕಿಕೊಳ್ಳುವಂತಿರಬೇಕು.