ಕೆರೆಗೋಡು ಮತ್ತು ನನ್ನ ಹನ್ನೊಂದನೆಯ ಪಾಠ

ಕೆ.ಆರ್. ಪುರದ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಅದು ನನ್ನ ಹನ್ನೊಂದನೆಯ ಪಾಠ. ವಿಷಯ ಬೆಳೆ ಉತ್ಪಾದನೆ. ಚಾರ್ಟಿನಲ್ಲಿ ಸಾವಯವ ಗೊಬ್ಬರಗಳನ್ನು ಬರೆದಿದ್ದೆ: ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಹಿಂಡಿ, ಕೆರೆಗೋಡು. ಕೊನೆಯದು ಪಠ್ಯದಲ್ಲಿರಲಿಲ್ಲ. ಊರಲ್ಲಿ ನಮ್ಮಜ್ಜ ಬೇಸಿಗೆಯಲ್ಲಿ ಗಾಡಿಗಟ್ಟಲೆ ಗೋಡು ಹೊಡೆಸುತ್ತಿದ್ದರು, ಅದಕ್ಕೇ ಸೇರಿಸಿದ್ದೆ.

"ವರ್ತೂರು ಕೆರೆ ಗೋಡೂನಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ತರಗತಿ ನಕ್ಕಿತು. 2015ರಲ್ಲೂ 2017ರಲ್ಲೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ಈ ಮಕ್ಕಳಿಗೆ ಮನೆಯವರ ಬಾಯಿಂದ ಗೊತ್ತು. ನಾನೂ ಆ ಉತ್ಸಾಹದಲ್ಲಿ, "ಅಲ್ಲಿ ಬೆಳೆದ ಸೊಪ್ಪೆಲ್ಲ ವಿಷ" ಎಂದುಬಿಟ್ಟೆ. ಮೂರನೇ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. "ಇವಳಮ್ಮ ಸೊಪ್ಪು ಮಾರ್ತಾರೆ ಮಿಸ್, ಅಲ್ಲೀದೇ" ಎಂದಳು ಪಕ್ಕದವಳು.

ವೀಕ್ಷಣಾ ಪುಸ್ತಕದಲ್ಲಿ ನಮ್ಮ ಉಪನ್ಯಾಸಕಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: "ವಿಷ ಎಂದು ಯಾವ ಅಳತೆಯಿಂದ ಹೇಳಿದಿರಿ?"

ಆ ರಾತ್ರಿ ಪಾಠ ಯೋಜನೆಯನ್ನು ಹೊಸದಾಗಿ ಬರೆದೆ. ಮರುದಿನ ಕಪ್ಪುಹಲಗೆಯ ಮೇಲೆ ನೀರಿನ ದಾರಿಯನ್ನು ಎಳೆದೆ: ಹಲಸೂರು, ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಈ ದಾರಿಯಲ್ಲಿ ಮನೆಗಳ ಕೊಳಚೆಯ ಜೊತೆ ಕಾರ್ಖಾನೆಗಳ ತ್ಯಾಜ್ಯವೂ ಸೇರಿದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಗೋಡಿನಲ್ಲಿ ತಂಗುತ್ತವೆ. ಸಗಣಿ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ನಗರದ ಕಸದ ಕಾಂಪೋಸ್ಟಿಗೂ ಸರ್ಕಾರದ ಮಿತಿಯಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಿಲೋಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ. ಲೆಕ್ಕ ಮಕ್ಕಳೇ ಮಾಡಿದರು. ಮಿತಿಯಂಚಿನ ಗೊಬ್ಬರವನ್ನು ಎಕರೆಗೆ 4 ಟನ್ ಹಾಕಿದರೆ ವರ್ಷಕ್ಕೆ 20 ಗ್ರಾಂ ಕ್ಯಾಡ್ಮಿಯಂ, ಹತ್ತು ವರ್ಷಕ್ಕೆ 200. ಬೆಳೆ ಎತ್ತಿಕೊಳ್ಳುವುದು ಅದರಲ್ಲಿ ಅಲ್ಪ, ಉಳಿದದ್ದು ಹೆಚ್ಚುಪಾಲು ಮೇಲ್ಮಣ್ಣಿನಲ್ಲೇ. ಬೇರು ಸತುವನ್ನು ಹೀರುವ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ, ಮಣ್ಣು ಹುಳಿಯಾದಷ್ಟೂ ಸಲೀಸಾಗಿ. ಕಾಳಿಗಿಂತ ಎಲೆಯಲ್ಲಿ ಅದು ಹೆಚ್ಚು ಕೂಡುತ್ತದೆ, ಹಾಗಾಗಿ ಸೊಪ್ಪಿನ ಬಗ್ಗೆಯೇ ಎಚ್ಚರ. ತೊಳೆದರೆ ಮೇಲಿನ ಧೂಳು ಹೋಗುತ್ತದೆ, ಒಳಗಿನದು ಹೋಗದು.

"ನಿನ್ನೆ ನಾನು ಅಳೆಯದೆ ಹೇಳಿದೆ, ತಪ್ಪು ನನ್ನದು" ಎಂದೂ ಹೇಳಿದೆ. ತರಗತಿಯ ಮುಂದೆ ಹಾಗೆ ಹೇಳುವುದು ಸುಲಭವಿರಲಿಲ್ಲ.

ಎರಡು ದಿನ ಬಿಟ್ಟು ಆ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಮಣ್ಣು ತಂದಳು. "ಅಮ್ಮ ಕೊಟ್ಟು ಕಳಿಸಿದ್ರು. ಇದರಲ್ಲಿ ಇದೆಯಾ ನೋಡಿ ಮಿಸ್." ಪ್ರಯೋಗಾಲಯದಲ್ಲಿದ್ದದ್ದು ಪಿಎಚ್ ಕಾಗದ ಮಾತ್ರ. ಕಾಗದ ಹುಳಿ ತೋರಿಸಿತು, ಸೀಸ ತೋರಿಸಲಿಲ್ಲ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇತ್ಯಾದಿ. ಸೀಸ, ಕ್ಯಾಡ್ಮಿಯಂ ಆ ಪಟ್ಟಿಯಲ್ಲೇ ಇಲ್ಲ. ಭಾರಲೋಹಕ್ಕೆ ಬೇರೆ ಪರೀಕ್ಷೆ, ಬೇರೆ ಶುಲ್ಕ.

ಶುಲ್ಕವನ್ನು ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಹಂಚಿಕೊಂಡಿದ್ದೇವೆ. ವರದಿ ಇನ್ನೂ ಬಂದಿಲ್ಲ. ಬಂದ ಮೇಲೆ ಅದನ್ನು ಮೊದಲು ತರಗತಿಗೆ ಹೇಳುವುದೋ, ಆ ತಾಯಿಗೆ ಹೇಳುವುದೋ ಎಂದು ಉಪನ್ಯಾಸಕಿಯನ್ನು ಕೇಳಿದೆ. "ಇದನ್ನೂ ನನ್ನನ್ನೇ ಕೇಳ್ತೀಯಾ?" ಎಂದರು. ತಾಯಿಯ ಮನೆ ಎಲ್ಲಿ ಎಂದು ಹುಡುಗಿಯ ಹತ್ತಿರ ಕೇಳಿಟ್ಟುಕೊಂಡಿದ್ದೇನೆ.