ಕೆಂಪು ಡಾಂಬರಿನ ಹಾದಿಯಲ್ಲಿ

ಆಮ್‌ಸ್ಟರ್‌ಡ್ಯಾಮಿಗೆ ಹೊರಟವರೆಲ್ಲ ಕಾಲುವೆ, ಟ್ಯೂಲಿಪ್, ವ್ಯಾನ್ ಗೋ ಎಂದು ಪಟ್ಟಿ ಹಿಡಿದಿರುತ್ತಾರೆ. ನನಗೆ ನೋಡಬೇಕಿದ್ದದ್ದು ಅಲ್ಲಿನ ರಸ್ತೆಗಳನ್ನು. 2023ರ ಡಿಸೆಂಬರ್ 8ರಂದು ಆ ನಗರ ತನ್ನ ನೂರಕ್ಕೆ ಎಂಬತ್ತರಷ್ಟು ಬೀದಿಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 30 ಕಿ.ಮೀ.ಗೆ ತಂದಿತು. ಅಲ್ಲಿಯವರೆಗೆ 50 ಇದ್ದ ಎಷ್ಟೋ ದೊಡ್ಡ ಬೀದಿಗಳೂ ಈ ಲೆಕ್ಕಕ್ಕೆ ಬಂದವು. ಬೆಂಗಳೂರಿನಲ್ಲಿ ಇದನ್ನು ಹೇಳಿದಾಗ ಗೆಳೆಯರು ನಕ್ಕರು. "ಅದಕ್ಕೊಂದು ಕಾನೂನು ಬೇರೆ ಬೇಕೇನಯ್ಯಾ? ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವೇಗ ತಾನಾಗಿಯೇ ಇಳಿದಿದೆ!" ನಾನೂ ನಕ್ಕೆ. ಆದರೆ ಅದೇ ರಸ್ತೆ ರಾತ್ರಿ ಒಂದು ಗಂಟೆಗೆ ಖಾಲಿಯಾದಾಗ ಕಾರುಗಳು ಯಾವ ವೇಗದಲ್ಲಿ ಹಾರುತ್ತವೆ ಎಂಬುದು ನಗುವ ವಿಷಯವಲ್ಲ.

ಇಳಿದುಕೊಂಡದ್ದು ನಗರಕ್ಕೆ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್‌ನಲ್ಲಿ, ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ನೆಲೆಸಿದ ಗೆಳೆಯನ ಮನೆಯಲ್ಲಿ. ಆ ಊರಿನಲ್ಲಿ ಭಾರತೀಯರು ಬಹಳ; ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಗೆಳೆಯನ ಮಗಳು ಐದನೇ ತರಗತಿಯ ವಯಸ್ಸಿನವಳು, ಒಬ್ಬಳೇ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಾಳೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಸಂಚಾರದ ಪರೀಕ್ಷೆ ಇರುತ್ತದೆ. ಬರೆಯುವ ಪರೀಕ್ಷೆಯ ಜೊತೆಗೆ ನಿಜವಾದ ರಸ್ತೆಯಲ್ಲಿ ಸೈಕಲ್ ಓಡಿಸಿ ತೋರಿಸುವ ಪರೀಕ್ಷೆಯೂ ಉಂಟು. "ಅಂಕಲ್, ತಿರುಗೋ ಮುಂಚೆ ಕೈ ತೋರಿಸ್ಬೇಕು, ಹಿಂದೆ ನೋಡ್ಬೇಕು" ಎಂದು ಹೊರಡುವ ಮೊದಲು ನನಗೇ ಪಾಠ ಮಾಡಿದಳು.

ಬಾಡಿಗೆಗೆ ಸಿಕ್ಕಿದ್ದು ಹ್ಯಾಂಡಲಿನಲ್ಲಿ ಬ್ರೇಕೇ ಇಲ್ಲದ ಕಪ್ಪು ಸೈಕಲ್. ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುತ್ತದೆ. ಸೀಟು ಎತ್ತರ, ಬೆನ್ನು ನೆಟ್ಟಗೆ. ಆ ಭಂಗಿಯಲ್ಲಿ ಅವಸರ ಮಾಡಬೇಕೆಂದರೂ ಆಗುವುದಿಲ್ಲ. ಆಮ್‌ಸ್ಟೆಲ್‌ವೇನ್‌ನಿಂದ ಉತ್ತರಕ್ಕೆ ಹೊರಟರೆ ಸೈಕಲ್ಲಿಗೆಂದೇ ಕೆಂಪು ಡಾಂಬರು ಹಾಸಿದ ಹಾದಿ ಸಿಗುತ್ತದೆ. ಕಾರಿನ ರಸ್ತೆಗೂ ಇದಕ್ಕೂ ನಡುವೆ ಮರಗಳ ಸಾಲು, ಹುಲ್ಲಿನ ಪಟ್ಟಿ. ಜಾಗ ಕಡಿಮೆಯಿದ್ದ ಕಡೆ ಕಲ್ಲಿನ ಅಂಚು. ಬಣ್ಣದ ಗೆರೆ ಎಳೆದು ಕೈತೊಳೆದುಕೊಂಡದ್ದಲ್ಲ. ಕೆಲವು ಸಿಗ್ನಲ್ಲುಗಳಲ್ಲಿ ಸೈಕಲ್ ಸವಾರರಿಗಾಗಿ ಪುಟ್ಟ ಬಿಳಿ ದೀಪಗಳ ಒಂದು ವೃತ್ತವಿದೆ. ದೀಪಗಳು ಒಂದೊಂದಾಗಿ ಆರುತ್ತ ಹೋಗಿ, ಕೊನೆಯದೂ ಆರಿದಾಗ ಹಸಿರು ಬರುತ್ತದೆ. ಇನ್ನೆಷ್ಟು ಹೊತ್ತು ಎಂದು ಗೊತ್ತಾದರೆ ಮನುಷ್ಯ ತಾಳ್ಮೆಯಿಂದ ನಿಲ್ಲುತ್ತಾನೆ.

ಸಣ್ಣ ಬೀದಿಯೊಂದು ದೊಡ್ಡ ರಸ್ತೆಗೆ ಸೇರುವ ಜಾಗದಲ್ಲಿ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದೆ. ನಮ್ಮಲ್ಲಾದರೆ ಅಂಥ ಕಡೆ ಫುಟ್‌ಪಾತ್ ಮುಗಿದುಹೋಗುತ್ತದೆ. ನಡೆಯುವವನು ಮೆಟ್ಟಿಲಿಳಿದು, ರಸ್ತೆ ದಾಟಿ, ಮತ್ತೆ ಹತ್ತಬೇಕು. ಇಲ್ಲಿ ಫುಟ್‌ಪಾತೂ ಸೈಕಲ್ ಹಾದಿಯೂ ಅದೇ ಮಟ್ಟದಲ್ಲಿ, ಅದೇ ಬಣ್ಣದಲ್ಲಿ, ಏನೂ ಆಗದಂತೆ ಮುಂದುವರಿಯುತ್ತವೆ. ಹತ್ತಿ ಇಳಿಯಬೇಕಾದದ್ದು ಕಾರು. ಅಂಚಿಗೆ ಇಳಿಜಾರಿನ ಕಾಂಕ್ರೀಟ್ ಕಲ್ಲುಗಳು. ವೇಗವಾಗಿ ಬಂದರೆ ಗಾಡಿಯ ತಳ ಬಡಿಯುತ್ತದೆ. ಒಂದು ಡೆಲಿವರಿ ವ್ಯಾನು ಬಂತು, ನಿಂತಿತು, ಒಬ್ಬ ಅಜ್ಜಿ ಮತ್ತು ಪೆಟ್ಟಿಗೆ ಸೈಕಲ್ಲಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ತಾಯಿ ದಾಟಿಹೋಗುವ ತನಕ ಕಾದು, ಆಮೇಲೆ ಮೆಲ್ಲಗೆ ಹತ್ತಿ ಇಳಿಯಿತು. ಪೊಲೀಸಿಲ್ಲ, ಸೀಟಿಯಿಲ್ಲ, ಬೋರ್ಡೂ ಇಲ್ಲ. ನಾನು ಆ ಊರಿನಲ್ಲಿ ನೋಡಿದ ಅತ್ಯುತ್ತಮ ಕಲಾಕೃತಿ ಇದೇ ಎಂದರೆ ರೆಂಬ್ರಾಂಟ್ ಭಕ್ತರು ಕ್ಷಮಿಸಬೇಕು.

ರೆಂಬ್ರಾಂಟನ ಚಿತ್ರಗಳಿರುವ ರೈಕ್ಸ್‌ಮ್ಯೂಸಿಯಂನ ಹೊಟ್ಟೆಯೊಳಗಿಂದಲೇ ಸೈಕಲ್ ಹಾದಿ ಹೋಗುತ್ತದೆ. ದೊಡ್ಡ ಕಮಾನುಗಳ ಕೆಳಗೆ, ಎರಡೂ ಬದಿಯ ಗಾಜಿನಾಚೆ ಮ್ಯೂಸಿಯಂನ ಅಂಗಳ ಕಾಣುತ್ತಿರುವಾಗ ಪೆಡಲ್ ತುಳಿಯುವ ಸುಖವೇ ಬೇರೆ. ಕಟ್ಟಡವನ್ನು ನವೀಕರಿಸುವಾಗ ಈ ದಾರಿ ಸೈಕಲ್ಲಿಗೆ ಬೇಡವೆಂದು ಮ್ಯೂಸಿಯಂನವರು ಹಟ ಹಿಡಿದಿದ್ದರು. ಸೈಕಲ್ ಸವಾರರ ಸಂಘದವರು ಬಿಡಲಿಲ್ಲ. ವರ್ಷಗಟ್ಟಲೆ ಜಗಳವಾಡಿ, 2013ರಲ್ಲಿ ಮ್ಯೂಸಿಯಂ ಮತ್ತೆ ತೆರೆದ ಒಂದು ತಿಂಗಳಿಗೆ ದಾರಿಯನ್ನೂ ತೆರೆಸಿಕೊಂಡರು.

ಡಚ್ಚರು ಹುಟ್ಟಾ ಸೈಕಲ್ ಪ್ರಿಯರು, ನೆಲ ಚಪ್ಪಟೆ, ಹವೆ ತಂಪು, ಹಾಗಾಗಿ ಇದೆಲ್ಲ ಅವರಿಗೆ ಸಲೀಸು ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ಮ್ಯೂಸಿಯಂನಿಂದ ಸ್ವಲ್ಪ ದೂರದಲ್ಲಿರುವ ಡೆ ಪೈಪ್ ಬಡಾವಣೆಯಲ್ಲಿ ಸುತ್ತಿದರೆ ಆ ಮಾತು ನಿಜವಲ್ಲವೆನಿಸುತ್ತದೆ. ನೆಲ ಹಿಂದೆಯೂ ಚಪ್ಪಟೆಯಾಗಿಯೇ ಇತ್ತು. ಆದರೂ 1960ರ ದಶಕದಲ್ಲಿ ಈ ಇಕ್ಕಟ್ಟು ಬೀದಿಗಳೆಲ್ಲ ಕಾರುಗಳ ಪಾಲಾಗಿದ್ದವು. 1954ರಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಕಾಸ್ಯಾಖರ್, ಕಾಲುವೆಗಳನ್ನೇ ಮುಚ್ಚಿ ವಾಹನಗಳಿಗೆ ದಾರಿ ಮಾಡೋಣ ಎಂದಿದ್ದ! 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹೋಫ್ 1972ರಲ್ಲಿ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂಬುದು, ಒಂದು ಚಳವಳಿಯ ಹೆಸರೇ ಆಯಿತು. ಅದೇ ವರ್ಷ ಡೆ ಪೈಪ್‌ನ ಶಾಲಾಮಕ್ಕಳು ಆಡಲು ಜಾಗ ಕೊಡಿ ಎಂದು ಬೀದಿಯನ್ನೇ ಅಡ್ಡಗಟ್ಟಿದರು. ಕಾರಿನವರು ಸಿಟ್ಟಿಗೆದ್ದದ್ದು ಆಗಿನ ಟಿವಿ ಚಿತ್ರದಲ್ಲಿ ದಾಖಲಾಗಿದೆ. ಮರುವರ್ಷ ತೈಲ ಬಿಕ್ಕಟ್ಟು ಬಂದು, ಸರ್ಕಾರವೇ ಭಾನುವಾರಗಳಂದು ಕಾರು ಹೊರಗೆ ತೆಗೆಯಬೇಡಿ ಎಂದಿತು. ಖಾಲಿ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು.

ಈಗ ಡೆ ಪೈಪ್‌ನ ಒಳಬೀದಿಗಳಲ್ಲಿ ಪ್ರತ್ಯೇಕ ಸೈಕಲ್ ಹಾದಿಯಿಲ್ಲ. ಮಾಡಲು ಜಾಗವೂ ಇಲ್ಲ. ಕಾರು, ಸೈಕಲ್ ಎಲ್ಲ ಒಂದೇ ಇಟ್ಟಿಗೆ ಹಾಸಿನ ಮೇಲೆ, ಎಲ್ಲರಿಗೂ 30. ಇಡೀ ವ್ಯವಸ್ಥೆಯ ಗುಟ್ಟು ನನಗೆ ಹೊಳೆದದ್ದು ಇಲ್ಲೇ: ವೇಗ ಇಳಿಸಲಾಗದ ಕಡೆ ಬೇರ್ಪಡಿಸು, ಬೇರ್ಪಡಿಸಲಾಗದ ಕಡೆ ವೇಗ ಇಳಿಸು. ಲೆಕ್ಕವೂ ಸರಳ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ; 30ರಲ್ಲಿ ಬರುವ ಕಾರಿನಲ್ಲಿರುವ ಶಕ್ತಿ 50ರಲ್ಲಿ ಬರುವುದರ ಶೇ. 36 ಮಾತ್ರ. ಚಾಲಕ ಬೆಚ್ಚಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೂ, 30ರ ಕಾರು ಒಣ ರಸ್ತೆಯಲ್ಲಿ ಹದಿಮೂರು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. 50ರ ಕಾರು ಅಷ್ಟು ದೂರದಲ್ಲಿ ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ.

ಅಲ್ಲಿಂದ ಯೋಡನ್‌ಬ್ರೇಸ್ಟ್ರಾಟ್. ರೆಂಬ್ರಾಂಟ್ ಬಾಳಿದ ಮನೆ ಇರುವ ಈ ಬೀದಿ ಅಗಲವಾಗಿದ್ದು, ಸೇತುವೆ ದಾಟಿದೊಡನೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಹಳೇ ಊರಿನ ಎದೆ ಸೀಳಿಕೊಂಡು ಬರಬೇಕಿದ್ದ ನಾಲ್ಕು ಪಥದ ಹೆದ್ದಾರಿ ನಿಂತುಹೋದದ್ದು ಇಲ್ಲೇ. ಇದೇ ಹಾದಿಯಲ್ಲಿ ಮೆಟ್ರೊಗಾಗಿ ಮನೆ ಕೆಡವಿದ್ದಕ್ಕೆ 1975ರಲ್ಲಿ ಪಕ್ಕದ ನ್ಯೂಮಾರ್ಕ್ಟ್‌ನಲ್ಲಿ ದೊಡ್ಡ ಗಲಭೆಯಾಯಿತು. ಮೆಟ್ರೊ ಬಂತು, ಹೆದ್ದಾರಿ ಬರಲಿಲ್ಲ. ನ್ಯೂಮಾರ್ಕ್ಟ್ ನಿಲ್ದಾಣದಲ್ಲಿ ಮನೆ ಒಡೆಯುವ ಕಬ್ಬಿಣದ ಗುಂಡನ್ನೇ ನೆನಪಿಗಾಗಿ ಇಟ್ಟಿದ್ದಾರೆ. ತನ್ನ ವಿರುದ್ಧದ ಪ್ರತಿಭಟನೆಗೆ ತಾನೇ ಸ್ಮಾರಕ ಮಾಡಿಸುವ ಆಡಳಿತ ನಮಗೆ ಯಾವಾಗ ಸಿಗುತ್ತದೋ.

ಎಲ್ಲವೂ ಸರಿಯಿದೆ ಎಂದು ಅಲ್ಲಿನವರೇ ಹೇಳುವುದಿಲ್ಲ. 2023ರ ಬೇಸಿಗೆಯಲ್ಲಿ ವೇಸ್ಪರ್‌ಸ್ಟ್ರಾಟ್ ಎಂಬ ಮುಖ್ಯರಸ್ತೆಯನ್ನು ಆರು ವಾರ ಪ್ರಯೋಗಕ್ಕೆಂದು ಮುಚ್ಚಿದಾಗ ಸುತ್ತಲಿನ ರಸ್ತೆಗಳು ಕಿಕ್ಕಿರಿದು, ಆಂಬುಲೆನ್ಸ್‌ಗಳಿಗೆ ತೊಂದರೆಯೆಂದು ಗಲಾಟೆಯಾಯಿತು. ಕೆಂಪು ಹಾದಿಯಲ್ಲಿ ಈಗಿನ ಕಾಟ ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್ಲುಗಳದ್ದು. ಗಂಟೆಗೆ 25ರಾಚೆ ಮೋಟಾರು ನೆರವಾಗಬಾರದೆಂಬ ನಿಯಮವನ್ನು ಹುಡುಗರು ಚಿಪ್ ಬದಲಿಸಿ ಮುರಿಯುತ್ತಾರೆ. ಅಂಥದ್ದೊಂದು ನನ್ನ ಮೊಣಕೈ ಸವರಿಕೊಂಡು ಹೋದಾಗ ಬೆಂಗಳೂರಿನ ಬೈಗುಳವೇ ಬಾಯಿಗೆ ಬಂತು. 2023ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 684. ಅವರಲ್ಲಿ 270 ಮಂದಿ ಸೈಕಲ್ ಸವಾರರು. 3,300ರಿಂದ 684ಕ್ಕೆ ಇಳಿದದ್ದು ದೊಡ್ಡದು. ಆದರೂ 270 ಸಣ್ಣ ಸಂಖ್ಯೆಯಲ್ಲ.

ಸೆಂಟ್ರಲ್ ನಿಲ್ದಾಣದೆದುರು ನೀರಿನಡಿಯಲ್ಲಿ 7,000 ಸೈಕಲ್ ಹಿಡಿಯುವ ನಿಲುಗಡೆಯಿದೆ. ಮೊದಲ 24 ಗಂಟೆ ಪುಕ್ಕಟೆ. ಸೈಕಲ್ ಅಲ್ಲಿ ಬಿಟ್ಟು, ನಿಲ್ದಾಣದ ಹಿಂದಿನಿಂದ ಹೊರಡುವ, ಅದೂ ಪುಕ್ಕಟೆಯಾದ, ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬಂದೆ.

2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದು ಹೋಯಿತು. ಕಂಬ ಕಿತ್ತದ್ದು ನನಗೆ ಅಚ್ಚರಿಯಲ್ಲ. ಕಿತ್ತಾಗ ಊರಿಗೆ ಊರೇ ಬೀದಿಗಿಳಿಯಲಿಲ್ಲವಲ್ಲ, ನಮ್ಮ ಕೊರತೆ ಅಲ್ಲಿದೆ. ಕೆಂಪು ಡಾಂಬರಿಗೆ ದುಡ್ಡು ಹೊಂದಿಸುವುದು ಎರಡನೆಯ ಮಾತು.

ಹೋಗುವವರಿಗೆ ಒಂದು ಸೂಚನೆ. ಕೆಂಪು ಹಾದಿಯ ನಡುವೆ ನಿಂತು ಸೆಲ್ಫಿ ತೆಗೆಯಬೇಡಿ. ಬಲಬದಿಗೆ ತುಳಿಯಿರಿ. ಕತ್ತಲಾದ ಮೇಲೆ ಹಿಂದೆ ಮುಂದೆ ದೀಪವಿರಲಿ, ಇಲ್ಲದಿದ್ದರೆ ದಂಡ. 2019ರ ಜುಲೈನಿಂದ ಸೈಕಲ್ ಮೇಲೆ ಮೊಬೈಲ್ ಕೈಯಲ್ಲಿ ಹಿಡಿದರೂ ದಂಡವೇ.