ಅಮ್ಮನ ಕಾಯಿಲೆ

ಕಳೆದ ಮಳೆಗಾಲದ ಒಂದು ಸಂಜೆ ಹಳೆಯ ಶಿಷ್ಯನೊಬ್ಬ ಕೊಟ್ಟಾರದ ನಮ್ಮ ಮನೆಗೆ ಬಂದಿದ್ದ. ಕೊಟ್ಟಾರ ಚೌಕಿಯಲ್ಲಿ ಎಂದಿನಂತೆ ನೀರು ನಿಂತಿದ್ದುದರಿಂದ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡೇ ಜಗಲಿ ಏರಿದ. ರಸಾಯನಶಾಸ್ತ್ರದಲ್ಲಿ ನಾಲ್ಕು ವರ್ಷ ಸಂಶೋಧನೆ ನಡೆಸಿ, ಅದನ್ನು ನಡುವೆಯೇ ಬಿಟ್ಟು, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರ ಸಂದರ್ಶನಕ್ಕೆ ಹೊರಟಿದ್ದ.

"ಸರ್, ಯಾಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳಲಿ?" ಎಂದ.

ಈ ಪ್ರಶ್ನೆಗೆ ನಾನೊಮ್ಮೆ ಕೊಟ್ಟ ಉತ್ತರವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾದ ಕೆಲವು ವರ್ಷಗಳ ಬಳಿಕ ನಾನೂ ಸ್ಟೇಟ್ ಬ್ಯಾಂಕಿನಿಂದ ಬಸ್ಸು ಹಿಡಿದು ಕೊಣಾಜೆಗೆ ಸಂಶೋಧನೆಗೆಂದು ಹೋಗುತ್ತಿದ್ದೆ. ಎರಡು ವರ್ಷ ಕಳೆದರೂ ನನ್ನ ಸಂಯುಕ್ತ ಶುದ್ಧರೂಪದಲ್ಲಿ ದೊರೆಯಲಿಲ್ಲ. ಪ್ರತಿ ಸಲವೂ ಕರಗುವ ಬಿಂದು ಬೇರೆ. ದೋಷ ನನ್ನ ಕೈಯದೇ. ಸಂಜೆ ನೆರೆಮನೆಯ ಮಕ್ಕಳಿಗೆ ಪಾಠ ಹೇಳುವಾಗ ಮಾತ್ರ ಮನಸ್ಸು ಅರಳುತ್ತಿತ್ತು. ಬಿಟ್ಟು ಬಿ.ಎಡ್. ಮಾಡಿದೆ.

ಶಾಲೆಯೊಂದರ ಸಂದರ್ಶನದಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರು, "ಡಾಕ್ಟರೇಟ್ ಬಿಟ್ಟು ಹೈಸ್ಕೂಲಿಗೆ ಯಾಕೆ ಬರುತ್ತೀರಿ?" ಎಂದು ಕೇಳಿದರು. "ತಾಯಿಗೆ ಅನಾರೋಗ್ಯ" ಎಂದುಬಿಟ್ಟೆ. ಕೆಲಸ ದೊರೆಯಿತು. ತಿಂಗಳೊಳಗೆ ಅದೇ ಹಿರಿಯರು ಉರ್ವ ಮಾರ್ಕೆಟ್ಟಿನಲ್ಲಿ ಅಮ್ಮನನ್ನು ಕಂಡು ಆರೋಗ್ಯ ವಿಚಾರಿಸಿದರಂತೆ. ಬಸಳೆಯ ಕಟ್ಟು ಹಿಡಿದು ಗಟ್ಟಿಮುಟ್ಟಾಗಿ ನಿಂತಿದ್ದ ಅಮ್ಮ, "ಈಗ ಅಡ್ಡಿಯಿಲ್ಲ" ಎಂದಳಂತೆ. ಮನೆಗೆ ಬಂದು ಬಸಳೆ ಹೆಚ್ಚುತ್ತಾ, "ನನಗೆ ಏನು ಕಾಯಿಲೆಯೆಂದು ಹೇಳಿದ್ದೀಯ ಮಗಾ? ಇನ್ನೊಮ್ಮೆ ಕೇಳಿದರೆ ಹೇಳಬೇಕಲ್ಲ" ಎಂದಳು. ಆಕೆ ನಗುತ್ತಿದ್ದಳು. ನನಗೆ ಅಂದು ಅನ್ನ ಸೇರಲಿಲ್ಲ. ಆಕೆ ತೀರಿಕೊಂಡು ವರ್ಷಗಳು ಕಳೆದವು. ಕ್ಷಮೆ ಕೇಳುವುದು ಆಗಲೇ ಇಲ್ಲ.

ಶಿಷ್ಯನಿಗೆ ಎಚ್. ನರಸಿಂಹಯ್ಯನವರ ವಿಷಯ ಹೇಳಿದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು, ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನ ಮುಟ್ಟಿಸಿದರು. "ಅವರು ಮುಗಿಸಿ ಬಂದವರು ಸರ್, ನಾನು ಮುಗಿಸದೆ ಬಂದವನು" ಎಂದ. ಮಾತು ಸರಿಯಾಗಿತ್ತು. ನನ್ನ ಉದಾಹರಣೆ ಬಿದ್ದುಹೋಯಿತು.

ಆಗ ಅಮ್ಮನ ಕಥೆ ಹೇಳಿದೆ. ಕೇಳುವವರಿಗೆ ಇರುವುದು ಎರಡೇ ಶಂಕೆ: ಇವನು ಮತ್ತೆ ಅಲ್ಲಿಗೇ ಓಡುತ್ತಾನೆಯೇ, ನಮ್ಮಲ್ಲಿಯೂ ನಡುವೆ ಬಿಡುತ್ತಾನೆಯೇ? ಬಿಟ್ಟ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳು, ಗೈಡನ್ನು ದೂರಬೇಡ. ಆ ನಾಲ್ಕು ವರ್ಷಗಳಲ್ಲಿ ಕೈಯಾರೆ ಏನು ಮಾಡಿದೆ ಎಂಬುದನ್ನು ವಿವರವಾಗಿ ಹೇಳು ಎಂದೆ. ಅಂಕಿಅಂಶಗಳನ್ನು ಜೋಡಿಸಲು ತಾನೇ ಪ್ರೋಗ್ರಾಮ್ ಬರೆದುಕೊಂಡಿದ್ದೆನೆಂದು ಆಗಷ್ಟೇ ಬಾಯಿಬಿಟ್ಟ! ಅದನ್ನು ಬಯೋಡೇಟಾದಲ್ಲಿ ಬರೆದೇ ಇರಲಿಲ್ಲ.

ಮರುವಾರ ಬೆಂಗಳೂರಿನಿಂದ ಫೋನ್ ಮಾಡಿದ. ಯಾಕೆ ಬಿಟ್ಟಿರಿ ಎಂಬುದಕ್ಕೆ ಅರ್ಧ ನಿಮಿಷ, ಪ್ರೋಗ್ರಾಮಿನ ಬಗ್ಗೆ ಅರ್ಧ ಗಂಟೆ ಮಾತಾಯಿತಂತೆ. ಪತ್ರ ಇನ್ನೂ ಬಂದಿರಲಿಲ್ಲ. ಫೋನ್ ಇಡುವ ಮುನ್ನ, "ಸರ್, ಅಮ್ಮನಿಗೆ ಕೊನೆಗೆ ಯಾವ ಕಾಯಿಲೆ ಹೇಳಿದಿರಿ?" ಎಂದು ಕೇಳಿದ.

"ಸಂಧಿವಾತ" ಎಂದೆ.